ಸೈಕಲ್ ತುಳಿಸಿ ಸ್ನಾಯುವಿನ ಗುಟ್ಟು ಹಿಡಿದ ಆಗಸ್ಟ್ ಕ್ರೋಗ್

ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ಫ್ರಿಜ್ ಮೇಲೋ ಟಿವಿ ಪಕ್ಕದಲ್ಲೋ ಒಂದು ಬ್ಲಡ್ ರಿಪೋರ್ಟ್ ಇದ್ದೇ ಇರುತ್ತೆ. ಅಪ್ಪನದ್ದೋ, ಅಜ್ಜಿಯದ್ದೋ. ಅದರಲ್ಲಿ ಎಚ್‌ಬಿಎ1ಸಿ ಅಂತ ಒಂದು ಸಾಲು. ಹಿಂದಿನ ಎರಡು-ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ಹೇಳುವ ಅಂಕಿ ಅದು. ಏರಿದ್ರೆ ಡಾಕ್ಟರ್ ಮಾತ್ರೆ ಬರೆದುಕೊಟ್ಟು, ಕೊನೆಗೆ ವಾಕಿಂಗ್ ಮಾಡಿ ಅಂತಾರೆ. ಮಾತ್ರೆ ಅವತ್ತೇ ಶುರು, ವಾಕಿಂಗ್ ಮಾತ್ರ ನಾಳೆಯಿಂದ! ಅಷ್ಟಕ್ಕೂ, ಕಾಲು ನಡೆದರೆ ರಕ್ತದ ಅಂಕಿ ಯಾಕೆ ಇಳಿಯಬೇಕು? ಇದನ್ನು ಅರ್ಥ ಮಾಡಿಕೊಳ್ಳಲು ನಾವು ನೂರು ವರ್ಷ ಹಿಂದಕ್ಕೆ, ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಅವರ ಲ್ಯಾಬಿಗೆ ಹೋಗಬೇಕು.

ಕ್ರೋಗ್ ಹುಟ್ಟಿದ್ದು 1874ರ ನವೆಂಬರ್ 15ರಂದು, ಗ್ರೆನೋ ಎಂಬ ಕಡಲತೀರದ ಊರಿನಲ್ಲಿ. ಅಪ್ಪ ಹಡಗು ಕಟ್ಟುವವರು. ಮಗನಿಗೂ ಕೈಯಲ್ಲಿ ಏನಾದರೂ ಮಾಡುತ್ತಿರುವ ಗೀಳು. ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿ, ಕ್ರಿಶ್ಚಿಯನ್ ಬೋರ್ ಎಂಬ ಪ್ರೊಫೆಸರ್ ಲ್ಯಾಬಿನಲ್ಲಿ ಸಹಾಯಕರಾದರು. ನಾವು ಪಿಯುಸಿಯಲ್ಲಿ ಓದಿದ ಬೋರ್ ಮಾಡೆಲ್‌ನ ನೀಲ್ಸ್ ಬೋರ್ ಅವರ ಅಪ್ಪ ಇವರೇ.

ಶ್ವಾಸಕೋಶ ಒಂದು ಗ್ರಂಥಿಯ ಹಾಗೆ ಆಮ್ಲಜನಕವನ್ನು ತಾನಾಗಿಯೇ ರಕ್ತಕ್ಕೆ ತಳ್ಳುತ್ತೆ ಅಂತ ಗುರು ಬೋರ್ ನಂಬಿದ್ದರು. ಕ್ರೋಗ್ ಒಂದು ಪುಟ್ಟ ಗಾಳಿಗುಳ್ಳೆಯಲ್ಲಿರುವ ಅನಿಲಗಳನ್ನೂ ಅಳೆಯಬಲ್ಲ ಉಪಕರಣ ಮಾಡಿಕೊಂಡರು. 1905ರಲ್ಲಿ ಅವರು ಮದುವೆಯಾದದ್ದು ವೈದ್ಯಕೀಯ ಓದುತ್ತಿದ್ದ ಮೇರಿ ಎಂಬವರನ್ನು. ಇಬ್ಬರೂ ಸೇರಿ ಅಳೆದಾಗ ಗುರುವಿನ ಮಾತು ತಪ್ಪು ಅಂತ ಬಂತು. ತಳ್ಳುವುದೇನೂ ಇಲ್ಲ, ಬರೀ ಡಿಫ್ಯೂಷನ್. 1910ರಲ್ಲಿ ಈ ಬಗ್ಗೆ ಸಾಲಾಗಿ ಏಳು ಪೇಪರ್ ಪ್ರಕಟವಾದವು. ಗುರುವಿನ ಜೊತೆ ಸಂಬಂಧ ಹಳಸಿತು. ಆದರೂ ಅಳತೆ ಹೇಳಿದ್ದನ್ನು ಅವರು ಮುಚ್ಚಿಡಲಿಲ್ಲ.

ಆಮೇಲೆ ಕ್ರೋಗ್ ಗಮನ ದುಡಿಯುವ ದೇಹದ ಕಡೆ ಹೋಯಿತು. ಎಷ್ಟು ಕೆಲಸ ಮಾಡಿದರೆ ಎಷ್ಟು ಆಮ್ಲಜನಕ ಬೇಕು? ಇದಕ್ಕೆ ಮೊದಲು ಕೆಲಸವನ್ನೇ ಸರಿಯಾಗಿ ಅಳೆಯಬೇಕಲ್ವಾ? 1913ರಲ್ಲಿ ಅವರು ನಿಂತಲ್ಲೇ ತುಳಿಯುವ ಒಂದು ಸೈಕಲ್ ಮಾಡಿದರು. ಅದಕ್ಕೆ ಬ್ರೇಕ್ ಅಂದ್ರೆ ವಿದ್ಯುತ್ಕಾಂತಗಳ ನಡುವೆ ತಿರುಗುವ ತಾಮ್ರದ ತಟ್ಟೆ. ಹೌದು, ನಾವು ಓದುವ ಎಡ್ಡಿ ಕರೆಂಟ್! ಕರೆಂಟ್ ಹೆಚ್ಚು ಮಾಡಿದರೆ ತುಳಿಯೋದು ಕಷ್ಟ, ಕಡಿಮೆ ಮಾಡಿದರೆ ಸುಲಭ. ಸಹೋದ್ಯೋಗಿ ಲಿಂಡ್‌ಹಾರ್ಡ್ ಜೊತೆ ಸೇರಿ, ಜನರನ್ನು ಇದರ ಮೇಲೆ ಕೂರಿಸಿ ಉಸಿರು, ರಕ್ತಸಂಚಾರ ಎರಡನ್ನೂ ಅಳೆದರು.

ಆಗ ಒಂದು ಹೊಸ ಸಮಸ್ಯೆ ಬಂತು. ಕೆಲಸ ಮಾಡುವ ಸ್ನಾಯುವಿಗೆ ವಿಶ್ರಾಂತಿಯಲ್ಲಿ ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಆಮ್ಲಜನಕ ಬೇಕು. ಬರೀ ಡಿಫ್ಯೂಷನ್ನಿಂದ ಅದು ಹೇಗೆ ಸಾಧ್ಯ? ಕೂದಲಿಗಿಂತ ಸಣ್ಣದಾದ ಲೋಮನಾಳಗಳಲ್ಲಿ ಉತ್ತರ ಇತ್ತು. ಪ್ರಾಣಿಗಳ ರಕ್ತಕ್ಕೆ ಇಂಡಿಯನ್ ಇಂಕ್ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ವಿಶ್ರಾಂತಿಯಲ್ಲಿರುವ ಸ್ನಾಯುವಿನಲ್ಲಿ ಕೆಲವೇ ನಾಳ ಕಂಡವು, ದುಡಿದ ಸ್ನಾಯುವಿನಲ್ಲಿ ತುಂಬಾ. ಅಂದ್ರೆ ಕೆಲಸ ಶುರುವಾದಾಗ ಮುಚ್ಚಿದ ದಾರಿಗಳು ತೆರೆದುಕೊಳ್ಳುತ್ತವೆ, ಆಮ್ಲಜನಕ ಸಾಗಬೇಕಾದ ದೂರ ಕಡಿಮೆಯಾಗುತ್ತೆ. ಇದರ ಸಮೀಕರಣ ಬರೆದುಕೊಟ್ಟವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಗಣಿತಜ್ಞ ಎರ್ಲಾಂಗ್. ಇಸಿಯವರು ಟೆಲಿಫೋನ್ ಟ್ರಾಫಿಕ್ ಅಳೆಯುವ ಎರ್ಲಾಂಗ್ ಅವರ ಹೆಸರೇ! ಈ ಶೋಧಕ್ಕೆ ಕ್ರೋಗ್ ಅವರಿಗೆ 1920ರ ನೊಬೆಲ್ ಬಂತು. ವಿವರಗಳಲ್ಲಿ ಆಮೇಲೆ ತಿದ್ದುಪಡಿ ಆಗಿದೆ, ಆದರೆ ದುಡಿಮೆ ಸ್ನಾಯುವಿನ ರಕ್ತ ಪೂರೈಕೆಯನ್ನೇ ಬದಲಿಸುತ್ತೆ ಅನ್ನೋದು ನಿಂತಿದೆ.

ಅಷ್ಟರಲ್ಲಿ ಮನೆಯಲ್ಲೇ ಕಷ್ಟ ಬಂತು. ಆ ಹೊತ್ತಿಗೆ ಡಾಕ್ಟರ್ ಆಗಿದ್ದ ಮೇರಿಗೇ ಸಕ್ಕರೆ ಕಾಯಿಲೆ. ಆಗ ಚಿಕಿತ್ಸೆ ಅಂದ್ರೆ ಕಟ್ಟುನಿಟ್ಟಿನ ಪಥ್ಯ, ಬಹುಪಾಲು ಅರೆಹೊಟ್ಟೆ. 1922ರಲ್ಲಿ ಉಪನ್ಯಾಸಕ್ಕೆ ಅಮೆರಿಕಕ್ಕೆ ಹೋದಾಗ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿದ ಸುದ್ದಿ ತಿಳಿಯಿತು. ಅಲ್ಲಿಗೆ ಹೋಗಿ ನೋಡಲೇಬೇಕು ಅಂತ ಮೇರಿ ಒತ್ತಾಯಿಸಿದರು. ನವೆಂಬರಿನಲ್ಲಿ ಕ್ರೋಗ್ ಟೊರಾಂಟೊಗೆ ಹೋಗಿ, ಇನ್ಸುಲಿನ್ ತಯಾರಿಸಲು ಅನುಮತಿ ಪಡೆದು ಬಂದರು. ಆ ವರ್ಷ ಮುಗಿಯುವ ಮೊದಲೇ, ಮೇರಿಯನ್ನು ನೋಡುತ್ತಿದ್ದ ಡಾಕ್ಟರ್ ಹಾಗೆಡೋರ್ನ್ ಜೊತೆ ಸೇರಿ ದನದ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆದರು. 1923ರಲ್ಲಿ ನಾರ್ಡಿಸ್ಕ್ ಇನ್ಸುಲಿನ್ ಲ್ಯಾಬ್ ಶುರುವಾಯಿತು. ಇವತ್ತಿನ ನೋವೋ ನಾರ್ಡಿಸ್ಕ್‌ನ ಒಂದು ಬೇರು ಅದೇ. ಮೇರಿ ಆಮೇಲೆ ಇಪ್ಪತ್ತು ವರ್ಷ ಬದುಕಿದರು. ಅವರು ತೀರಿಕೊಂಡದ್ದು 1943ರಲ್ಲಿ, ಕ್ರೋಗ್ 1949ರ ಸೆಪ್ಟೆಂಬರಿನಲ್ಲಿ.

ಇನ್ಸುಲಿನ್ ಮತ್ತು ಸ್ನಾಯು, ಎರಡೂ ಒಂದೇ ಕಥೆಯ ಭಾಗ ಅಂತ ಪೂರ್ತಿ ಗೊತ್ತಾದದ್ದು ಅವರ ನಂತರ. ಸ್ನಾಯುಕೋಶದೊಳಗೆ ಗ್ಲುಟ್4 ಎಂಬ ಬಾಗಿಲುಗಳಿರುತ್ತವೆ. ಇನ್ಸುಲಿನ್ ಬಂದರೆ ಅವು ಕೋಶದ ಹೊರಮೈಗೆ ಬಂದು ಸಕ್ಕರೆಯನ್ನು ಒಳಗೆ ಬಿಡುತ್ತವೆ. ವಿಶೇಷ ಏನಂದ್ರೆ, ಸ್ನಾಯು ಸಂಕುಚಿಸಿದಾಗಲೂ ಬರುತ್ತವೆ. ಇನ್ಸುಲಿನ್ ಮಾತು ಕೇಳದ ಟೈಪ್ 2 ರೋಗಿಯಲ್ಲೂ ಈ ಎರಡನೇ ದಾರಿ ತೆರೆದೇ ಇರುತ್ತೆ. ನಡಿಗೆ, ಸೈಕಲ್‌ನಂಥ ಏರೋಬಿಕ್ ವ್ಯಾಯಾಮ ಲೋಮನಾಳಗಳನ್ನು ಹೆಚ್ಚಿಸುತ್ತೆ. ಭಾರ ಎತ್ತುವ ವ್ಯಾಯಾಮ ಸಕ್ಕರೆ ಹಿಡಿದಿಡುವ ಸ್ನಾಯುವನ್ನೇ ಬೆಳೆಸುತ್ತೆ. 2007ರಲ್ಲಿ ಕೆನಡಾದಲ್ಲಿ 251 ಟೈಪ್ 2 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಎರಡೂ ಬೇರೆ ಬೇರೆಯಾಗಿ ಎಚ್‌ಬಿಎ1ಸಿ ಇಳಿಸಿದವು, ಒಟ್ಟಿಗೆ ಮಾಡಿದವರಲ್ಲಿ ಇನ್ನೂ ಹೆಚ್ಚು ಇಳಿಯಿತು. ಹಾಗಂತ ವ್ಯಾಯಾಮ ಮಾಡ್ತೀವಿ ಅಂತ ಇನ್ಸುಲಿನ್ನೋ ಮಾತ್ರೆಯೋ ಬಿಡುವ ಹಾಗಿಲ್ಲ. ಅದನ್ನು ಡಾಕ್ಟರೇ ಹೇಳಬೇಕು.

ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ವಾಕಿಂಗ್ ಹೋಗಿ ಅಂತ ಬುದ್ಧಿ ಹೇಳೋದು ಸುಲಭ. ಈ ಸಲ ಚಪ್ಪಲಿ ಹಾಕಿಕೊಂಡು ನಾವೂ ಜೊತೆಗೆ ಹೊರಡೋಣ. ದಾರಿಯಲ್ಲಿ ಹೇಳೋಕೆ ಕ್ರೋಗ್ ಕಥೆ ಇದೆಯಲ್ಲ.