26 ದಿನದಲ್ಲಿ ಒಂದು ಕಾದಂಬರಿ

ನಾಳೆ ಸಬ್ಮಿಷನ್ ಅಂದ್ರೆ ಇವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ಯಾರ ರೂಮಿನ ಲೈಟೂ ಆರಲ್ಲ. ನಮಗೆಲ್ಲ ಗೊತ್ತಿರೋ ಕಥೆ ಇದು. ಇದೇ ಪಾಡು ಪಟ್ಟ ಒಬ್ಬ ಎಂಜಿನಿಯರ್ ಜಗತ್ತಿನ ದೊಡ್ಡ ಕಾದಂಬರಿಕಾರರಲ್ಲಿ ಒಬ್ಬನಾದ. ಅವನೇ ರಷ್ಯಾದ ಫ್ಯೋದರ್ ದಾಸ್ತೋವ್‌ಸ್ಕಿ.

1821ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಅವನನ್ನು ಅಪ್ಪ ಪೀಟರ್ಸ್‌ಬರ್ಗಿನ ಮಿಲಿಟರಿ ಎಂಜಿನಿಯರಿಂಗ್ ಶಾಲೆಗೆ ಸೇರಿಸಿದರು. 1843ರಲ್ಲಿ ಓದು ಮುಗೀತು, ಕೆಲಸವೂ ಸಿಕ್ಕಿತು. ಮರುವರ್ಷವೇ ರಾಜೀನಾಮೆ ಕೊಟ್ಟು ಬರೆಯೋಕೆ ಕೂತ. ಆದರೂ ಕಲಿತ ಡ್ರಾಯಿಂಗ್ ಕೈಬಿಡಲಿಲ್ಲ. ಕಾದಂಬರಿಗಳ ಟಿಪ್ಪಣಿ ಪುಸ್ತಕಗಳ ತುಂಬ ಗೋಥಿಕ್ ಕಿಟಕಿಗಳು, ಮನುಷ್ಯರ ಮುಖಗಳನ್ನು ಬಿಡಿಸಿದ್ದಾನೆ.

1849ರಲ್ಲಿ ಸರ್ಕಾರದ ವಿರುದ್ಧದ ಗುಂಪಿನಲ್ಲಿದ್ದ ಅಂತ ಬಂಧಿಸಿ ಮರಣದಂಡನೆ ವಿಧಿಸಿದರು. ಗುಂಡು ಹಾರಿಸುವ ಜಾಗಕ್ಕೆ ಕರೆತಂದು, ಕೊನೇ ಗಳಿಗೆಯಲ್ಲಿ ಶಿಕ್ಷೆ ಬದಲಿಸಿ ಸೈಬೀರಿಯಾಕ್ಕೆ ಕಳಿಸಿದರು. ಅಲ್ಲಿನ ಸೆರೆಮನೆಯಲ್ಲಿ ನಾಲ್ಕು ವರ್ಷ ಬರೆಯೋ ಸ್ವಾತಂತ್ರ್ಯ ಇರಲಿಲ್ಲ. ಅಂಥದ್ದರಲ್ಲೂ ಕೈದಿಗಳ ಮಾತುಗಳನ್ನು ಗುಟ್ಟಾಗಿ ಗುರುತು ಹಾಕಿಕೊಂಡ.

1864ರಲ್ಲಿ ಅಣ್ಣ ಮಿಖಾಯಿಲ್ ತೀರಿಕೊಂಡ. ಅವನ ಪತ್ರಿಕೆಯ ಸಾಲ, ಅವನ ಹೆಂಡತಿ ಮಕ್ಕಳ ಭಾರ ಎರಡೂ ತಮ್ಮನ ಹೆಗಲಿಗೆ ಬಂತು. ಜೊತೆಗೆ ರೂಲೆಟ್ ಜೂಜಿನ ಚಟ ಬೇರೆ. ಸಾಲಗಾರರಿಗೆ ಹೆದರಿ 1865ರಲ್ಲಿ ಸ್ಟೆಲ್ಲೋವ್‌ಸ್ಕಿ ಎಂಬ ಪ್ರಕಾಶಕನ ಜೊತೆ ಒಪ್ಪಂದ ಮಾಡಿಕೊಂಡ. ಸಿಗುವ ಹಣ 3000 ರೂಬಲ್. ಷರತ್ತು ಮಾತ್ರ ಭಯಂಕರ: 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ, ಮುಂದಿನ 9 ವರ್ಷ ಇವನು ಬರೆದದ್ದನ್ನೆಲ್ಲ ಆತ ಪುಕ್ಕಟೆ ಅಚ್ಚು ಹಾಕಬಹುದು.

ಅಕ್ಟೋಬರ್ ಬಂದರೂ ಒಂದು ಪುಟವೂ ಆಗಿರಲಿಲ್ಲ. ‘ಅಪರಾಧ ಮತ್ತು ಶಿಕ್ಷೆ’ ಆಗ ಪತ್ರಿಕೆಯೊಂದರಲ್ಲಿ ಕಂತು ಕಂತಾಗಿ ಬರ್ತಿತ್ತು, ಅದನ್ನು ಬರೆಯೋದರಲ್ಲೇ ಸಮಯ ಹೋಗಿತ್ತು. ಗೆಳೆಯರು ಒಂದು ಉಪಾಯ ಹೇಳಿದರು: ಕಥೆ ನೀನು ಕೊಡು, ನಾವು ಒಬ್ಬೊಬ್ಬರು ಒಂದೊಂದು ಭಾಗ ಬರೆದು ಮುಗಿಸ್ತೀವಿ. ಅವನು ಒಪ್ಪಲಿಲ್ಲ. ಬೇರೆಯವರು ಬರೆದದ್ದಕ್ಕೆ ತನ್ನ ಹೆಸರು ಹಾಕಿಕೊಳ್ಳೋದು ಅವನಿಗೆ ಆಗದ ಮಾತು.

ಕೊನೆಗೆ ಒಬ್ಬ ಗೆಳೆಯನ ಸಲಹೆಯಂತೆ ಶೀಘ್ರಲಿಪಿ ಕಲಿತಿದ್ದ 20ರ ಹುಡುಗಿ ಅನ್ನಾ ಕೆಲಸಕ್ಕೆ ಬಂದಳು. ದಾಸ್ತೋವ್‌ಸ್ಕಿ ರಾತ್ರಿಯೆಲ್ಲ ಗಟ್ಟಿ ಚಹಾ, ಸಿಗರೇಟಿನ ಜೊತೆ ಟಿಪ್ಪಣಿ ಮಾಡಿಕೊಳ್ಳೋನು, ಮಧ್ಯಾಹ್ನ ಅದನ್ನು ನೋಡಿಕೊಂಡು ಹೇಳಿ ಬರೆಸೋನು. ಅವಳು ಮನೆಗೆ ಹೋಗಿ ನೀಟಾಗಿ ಬರೆದು ಮರುದಿನ ತರೋಳು. 26 ದಿನಕ್ಕೆ ‘ಜೂಜುಗಾರ’ ಮುಗಿಯಿತು. ತನ್ನದೇ ಚಟವನ್ನು ಕಾದಂಬರಿ ಮಾಡಿದ್ದ.

ತಲುಪಿಸಲು ಹೋದರೆ ಪ್ರಕಾಶಕ ಊರಲ್ಲೇ ಇಲ್ಲ! ಕೊನೆಗೆ ಪೊಲೀಸ್ ಠಾಣೆಯಲ್ಲಿ ಹಸ್ತಪ್ರತಿ ಒಪ್ಪಿಸಿ, ರಸೀದಿ ಬರೆಸಿಕೊಂಡು ಹಕ್ಕು ಉಳಿಸಿಕೊಂಡ. ಮರುವರ್ಷ ಅನ್ನಾಳನ್ನೇ ಮದುವೆಯಾದ. 1871ರಲ್ಲಿ ಜೂಜು ಬಿಟ್ಟ. ಮುಂದೆ ಅವನ ಪುಸ್ತಕಗಳ ಪ್ರಕಾಶನವನ್ನು ಅನ್ನಾಳೇ ವಹಿಸಿಕೊಂಡಳು. 1881ರಲ್ಲಿ ಅವನು ತೀರಿಕೊಂಡ.

ದಾಸ್ತೋವ್‌ಸ್ಕಿ ದುಡ್ಡಿಗಾಗಿ ಬರೆದ ಅನ್ನೋದು ನಿಜ. ಆದರೆ ದುಡ್ಡೊಂದೇ ಕಾರಣ ಆಗಿದ್ದರೆ ಗೆಳೆಯರ ಉಪಾಯಕ್ಕೆ ಹೂಂ ಅಂದುಬಿಡ್ತಿದ್ದ. ಮುಂದಿನ ಸಲ ಸೀನಿಯರ್‌ನ ರೆಕಾರ್ಡ್ ಎದುರಿಗಿಟ್ಟುಕೊಂಡು ಕೂತಾಗ ಈ ಎಂಜಿನಿಯರ್ ನೆನಪಾದರೆ ಸಾಕು.