ಟಿಪ್ಪು ಸುಲ್ತಾನರ ಕನಸಿನ ಪುಸ್ತಕ

ಪರೀಕ್ಷೆ ಹತ್ತಿರ ಬಂದರೆ ತರಗತಿಯಲ್ಲಿ ಕನಸಿನ ಮಾತು ಜಾಸ್ತಿಯಾಗುತ್ತದೆ. ಹಾಲ್ ಟಿಕೆಟ್ ಕಳೆದುಹೋದ ಹಾಗೆ, ಬಸ್ಸು ತಪ್ಪಿದ ಹಾಗೆ ಕನಸು. ಆಮೇಲೆ ಪ್ರಶ್ನೆಗಳು ಶುರು. ಕಂಡ ಕನಸು ಹಲ್ಲುಜ್ಜುವಷ್ಟರಲ್ಲಿ ಏಕೆ ಮರೆತುಹೋಗುತ್ತದೆ? ನೆನಪಿಟ್ಟುಕೊಳ್ಳುವುದು ಹೇಗೆ? ಇದು ಕನಸು ಎಂದು ಕನಸಿನೊಳಗೇ ತಿಳಿಯಲು ಸಾಧ್ಯವೇ? ಇವನ್ನೆಲ್ಲ ಯೋಚಿಸಲು ನಮಗೆ ಮೈಸೂರಿನ ಆಚೆ, ಶ್ರೀರಂಗಪಟ್ಟಣದಲ್ಲಿ ಬಾಳಿದ ಒಬ್ಬರ ಜೀವನವೇ ಸಾಕು. ಅವರೇ ಹಜ್ರತ್ ಟಿಪ್ಪು ಸುಲ್ತಾನ್ ಶಹೀದ್.

ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ, 1750ರ ನವೆಂಬರ್ 20ರಂದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ತಂದೆ ಹೈದರ್ ಅಲಿ, ತಾಯಿ ಫಾತಿಮಾ ಫಕ್ರುನ್ನಿಸಾ. ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನೇ ಮಗುವಿಗೆ ಇಟ್ಟರು. 1782ರ ಡಿಸೆಂಬರಿನಲ್ಲಿ ಹೈದರ್ ಅಲಿ ತೀರಿಕೊಂಡಾಗ ಎರಡನೇ ಮೈಸೂರು ಯುದ್ಧ ಇನ್ನೂ ನಡೆಯುತ್ತಿತ್ತು. ತಂದೆಯ ರಾಜ್ಯದ ಜೊತೆಗೆ ಯುದ್ಧವೂ ಮಗನ ಪಾಲಿಗೆ ಬಂತು. 1784ರಲ್ಲಿ ಮಂಗಳೂರು ಒಪ್ಪಂದವಾಯಿತು.

ಅದರ ಮರುವರ್ಷದಿಂದ, ಅಂದರೆ 1785ರಿಂದ, ಅವರು ಒಂದು ಚಿಕ್ಕ ಪುಸ್ತಕದಲ್ಲಿ ತಮ್ಮ ಕನಸುಗಳನ್ನು ಬರೆದಿಡತೊಡಗಿದರು. ಭಾಷೆ ಪಾರ್ಸಿ, ಅಕ್ಷರ ಅವರದೇ ಕೈಯದು. ಗುಮಾಸ್ತರಿಗೆ ಹೇಳಿ ಬರೆಸಿದ್ದಲ್ಲ. 1798ರವರೆಗೆ ಒಟ್ಟು 37 ಕನಸುಗಳು. ಲೆಕ್ಕ ಹಾಕಿದರೆ ವರ್ಷಕ್ಕೆ ಮೂರೂ ಬೀಳುವುದಿಲ್ಲ. ಮನಸ್ಸಿಗೆ ತಾಕಿದವನ್ನು ಮಾತ್ರ ಬರೆದಿರಬೇಕು. ಅವುಗಳಿಗೆ ತಾವೇ ರೂಪಿಸಿದ ಮೌಲೂದಿ ಪಂಚಾಂಗದ ತಿಂಗಳು, ತಾರೀಖು ಹಾಕಿದ್ದಾರೆ.

ವಾಣಿಜ್ಯ ವಿಭಾಗದವರಿಗೆ ಇದು ಪರಿಚಯದ ಕ್ರಮ. ವಹಿವಾಟು ನಡೆದ ಕೂಡಲೇ ತಾರೀಖಿನೊಂದಿಗೆ ಜರ್ನಲ್‌ಗೆ ಏರಿಸಬೇಕು, ನಾಳೆಗೆ ಬಿಟ್ಟರೆ ಮೊತ್ತ ಮರೆಯುತ್ತದೆ. ಕನಸೂ ಹಾಗೆಯೇ. ನಿದ್ರೆಯಲ್ಲಿ ಸುಮಾರು 90 ನಿಮಿಷಕ್ಕೊಮ್ಮೆ ರೆಪ್ಪೆಯೊಳಗೆ ಕಣ್ಣು ವೇಗವಾಗಿ ಓಡಾಡುವ ಒಂದು ಹಂತ ಬರುತ್ತದೆ. ಸ್ಪಷ್ಟವಾದ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಬೆಳಗಿನ ಜಾವ ಈ ಹಂತ ಉದ್ದವಾಗುತ್ತದೆ. ಆ ಹೊತ್ತಿನಲ್ಲಿ ಮಿದುಳು ಹೊಸ ನೆನಪುಗಳನ್ನು ಗಟ್ಟಿಯಾಗಿ ಹಿಡಿದಿಡುವುದಿಲ್ಲ. ಆದ್ದರಿಂದ ಕನಸಿನ ನಡುವೆಯೇ ಎಚ್ಚರವಾದರೆ, ತಕ್ಷಣ ಮೇಲೇಳದೆ ಕಂಡದ್ದನ್ನು ಒಮ್ಮೆ ನೆನೆದುಕೊಂಡು ಬರೆದರೆ ಮಾತ್ರ ಉಳಿಯುತ್ತದೆ. ಫಜ್ರ್ ನಮಾಜಿಗೆ ಏಳುವವರಿಗೆ ಈ ಅವಕಾಶ ಹೆಚ್ಚು. ಎದ್ದ ಕೂಡಲೇ ಮೊಬೈಲ್ ನೋಡುವವರಿಗೆ ಕಡಿಮೆ.

ಟಿಪ್ಪು ಏನೇನು ಕಂಡರು? ಚೀನಾದಿಂದ ಬಂದ ಬಿಳಿ ಆನೆ. ಪ್ರವಾದಿ ಮುಹಮ್ಮದ್ (ಸ) ಅವರಿಂದ ಬಂದ ಹಸಿರು ಪೇಟ. ಒಂದು ಕನಸಿನಲ್ಲಿ, ಹಿಂಭಾಗ ಸ್ವಲ್ಪ ಹಾಳಾಗಿದ್ದ ದೊಡ್ಡ ದೇವಾಲಯವೊಂದನ್ನು ಕಂಡರು. ಒಳಗಿನ ವಿಗ್ರಹಗಳ ಕಣ್ಣುಗಳು ಮನುಷ್ಯರ ಕಣ್ಣಿನಂತೆ ಚಲಿಸುತ್ತಿದ್ದವು. ಅವರಿಗೆ ಆಶ್ಚರ್ಯವಾಯಿತು. ಕೊನೆಯ ಸಾಲಿನಲ್ಲಿದ್ದ ಒಂದು ಸ್ತ್ರೀ ವಿಗ್ರಹ, ತಾವು ಬಹಳ ಕಾಲದಿಂದ ದೇವರನ್ನು ಪ್ರಾರ್ಥಿಸುತ್ತಿದ್ದೇವೆ ಎಂದಿತು. ಒಳ್ಳೆಯದು, ದೇವರ ಸ್ಮರಣೆಯಲ್ಲೇ ಇರಿ ಎಂದು ಹೇಳಿದ ಟಿಪ್ಪು, ಕಟ್ಟಡವನ್ನು ದುರಸ್ತಿ ಮಾಡಲು ತಮ್ಮವರಿಗೆ ಆಜ್ಞೆ ಮಾಡಿದರು. ಅಷ್ಟರಲ್ಲಿ ಎಚ್ಚರವಾಯಿತು.

ಮರಾಠರೊಂದಿಗೆ ಸವಣೂರಿನ ಕಡೆ ಯುದ್ಧ ನಡೆಯುತ್ತಿದ್ದ ದಿನಗಳ ಕನಸೂ ಒಂದಿದೆ. ಅಪರಿಚಿತ ಯುವಕನೊಬ್ಬ ಬಂದು ಕುಳಿತ. ಟಿಪ್ಪು ಅವನೊಂದಿಗೆ ತಮಾಷೆಯಾಗಿ ಮಾತಾಡಿದರು. ಆಗ ಕನಸಿನೊಳಗೇ, ಹೀಗೆ ಹಗುರವಾಗಿ ಮಾತಾಡುವುದು ತನ್ನ ಅಭ್ಯಾಸವಲ್ಲವಲ್ಲ ಎಂದು ಅವರಿಗೆ ಅನಿಸಿತು. ಆಮೇಲೆ ನೋಡಿದರೆ ಅದು ಗಂಡಿನ ವೇಷದಲ್ಲಿದ್ದ ಹೆಣ್ಣು.

ಮೂರನೆಯ ಪ್ರಶ್ನೆಗೆ ಉತ್ತರ ಈ ಎರಡು ಕನಸುಗಳ ಹತ್ತಿರವೇ ಇದೆ. ಇದು ಕನಸು ಎಂದು ತಿಳಿದೇ ಕನಸು ಕಾಣುವವರು ಇದ್ದಾರೆ. ಅಮೆರಿಕದ ಸ್ಟೀಫನ್ ಲಬರ್ಜ್ ಮುಂತಾದವರು, ನಿದ್ರೆಯಲ್ಲಿರುವವರಿಂದ ಮೊದಲೇ ಗೊತ್ತುಮಾಡಿದ ಕಣ್ಣಿನ ಸನ್ನೆ ಮಾಡಿಸಿ ಇದನ್ನು ಪ್ರಯೋಗಾಲಯದಲ್ಲಿ ತೋರಿಸಿದರು. ಇದರ ಬಾಗಿಲು ಆಶ್ಚರ್ಯವೇ. ಇದು ನನ್ನ ಅಭ್ಯಾಸವಲ್ಲ, ಕಲ್ಲಿನ ಕಣ್ಣು ಚಲಿಸುವುದಿಲ್ಲ ಎಂದು ಅನಿಸಬೇಕು. ಟಿಪ್ಪು ಆ ಬಾಗಿಲವರೆಗೆ ಬಂದರು, ದಾಟಲಿಲ್ಲ. ನಾವೂ ಹೆಚ್ಚಿನವರು ಹಾಗೆಯೇ. ಅಭ್ಯಾಸದಿಂದ ಕೆಲವರಿಗೆ ಸಾಧ್ಯವಾಗುತ್ತದೆ. ಆದರೆ ಅದಕ್ಕಾಗಿ ಪರೀಕ್ಷೆಯ ದಿನಗಳಲ್ಲಿ ಮಧ್ಯರಾತ್ರಿ ಅಲಾರಂ ಇಟ್ಟು ನಿದ್ದೆ ಕೆಡಿಸಿಕೊಳ್ಳುವುದು ಬೇಡ.

ಇನ್ನು ಅರ್ಥದ ಮಾತು. ಎಲ್ಲ ಕನಸಿಗೂ ಟಿಪ್ಪು ಅರ್ಥ ಬರೆದಿಲ್ಲ, ಕೆಲವಕ್ಕೆ ಮಾತ್ರ. ಗಂಡುವೇಷದ ಹೆಣ್ಣು ಎಂದರೆ ಮರಾಠರು ಯುದ್ಧದಲ್ಲಿ ಧೈರ್ಯವಿಲ್ಲದವರು ಎಂದು ತಿಳಿದು ರಾತ್ರಿ ದಾಳಿ ಮಾಡಿದರು, ಗೆದ್ದರು. ಇನ್ನೊಮ್ಮೆ ಮೂರು ಬೆಳ್ಳಿ ತಟ್ಟೆಗಳಲ್ಲಿ ತಾಜಾ ಖರ್ಜೂರ ಕಂಡಾಗ, ಮೂವರು ಶತ್ರುಗಳ ರಾಜ್ಯ ತಮ್ಮ ಕೈ ಸೇರುತ್ತದೆ ಎಂದು ಬರೆದುಕೊಂಡರು. ಅದು ನಡೆಯಲಿಲ್ಲ. ಕನಸು ಬೀಳುವುದು ತಾನಾಗಿ, ಅರ್ಥ ಹೇಳುವುದು ಆಸೆ.

ಹಗಲಿನ ಲೆಕ್ಕ ಬೇರೆಯೇ ಇತ್ತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಚಿಕ್ಕ ಮಕ್ಕಳನ್ನು ಒತ್ತೆಯಾಗಿ ಕಳಿಸಬೇಕಾಯಿತು. ಆಮೇಲೆ ಅವರು ಹಾಸಿಗೆ ಬಿಟ್ಟು ಒರಟು ಬಟ್ಟೆಯ ಮೇಲೆ ಮಲಗುತ್ತಿದ್ದರೆಂದು ಇತಿಹಾಸಕಾರ ಕಿರ್ಮಾನಿ ಬರೆದಿದ್ದಾರೆ. ಹಣ ಪೂರ್ತಿ ಕಟ್ಟಿದ ಮೇಲೆ, 1794ರಲ್ಲಿ ಮಕ್ಕಳು ಹಿಂದಿರುಗಿದರು. 1799ರ ಮಾರ್ಚಿನಲ್ಲಿ ಕೊಡಗಿನ ದಾರಿಯಿಂದ ಬಂದ ಬಾಂಬೆ ಸೈನ್ಯವನ್ನು ತಡೆಯಲು ಟಿಪ್ಪು ನಮ್ಮ ಪಿರಿಯಾಪಟ್ಟಣದ ಬಳಿ ಬೀಡುಬಿಟ್ಟರು. ಮಾರ್ಚ್ 6ರ ಕದನದಲ್ಲಿ ಬೆಂಕಿ ನವಾಬ್ ಎಂದು ಹೆಸರಾದ ಅವರ ಸೇನಾನಿ ಮುಹಮ್ಮದ್ ರಜಾ ಮಡಿದರು. ಎರಡು ತಿಂಗಳೊಳಗೆ, ಮೇ 4ರಂದು, ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಾ ಸುಲ್ತಾನರೂ ಶಹೀದರಾದರು.

ಅರಮನೆಯ ಮಲಗುವ ಕೋಣೆಯಲ್ಲಿ ಕರ್ನಲ್ ಕರ್ಕ್‌ಪ್ಯಾಟ್ರಿಕ್‌ಗೆ ಈ ಪುಸ್ತಕ ಸಿಕ್ಕಿತು. ನಂಬಿಕೆಯ ಮುನ್ಶಿ ಹಬೀಬುಲ್ಲಾ ಅವರೂ ಅದನ್ನು ಅದುವರೆಗೆ ನೋಡಿರಲಿಲ್ಲ. ಬರೆಯುವಾಗ ಯಾರಾದರೂ ಹತ್ತಿರ ಬಂದರೆ ಸುಲ್ತಾನರು ಅದನ್ನು ಮರೆಮಾಡುತ್ತಿದ್ದರಂತೆ. 1800ರಲ್ಲಿ ಪುಸ್ತಕ ಲಂಡನ್ನಿಗೆ ಹೋಯಿತು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗಿರೀಶ್ ಕಾರ್ನಾಡರ ನಾಟಕ ಹುಟ್ಟಿದ್ದು ಇದರಿಂದಲೇ.

ಟಿಪ್ಪು ಬಗ್ಗೆ ಇವತ್ತು ಪರವಾಗಿ, ವಿರೋಧವಾಗಿ ಜೋರಾಗಿ ಮಾತಾಡುವವರು ಬಹಳ. ಆದರೆ ಈ ಪುಸ್ತಕವನ್ನು ಅವರು ಯಾರನ್ನೂ ಮೆಚ್ಚಿಸಲು ಬರೆದಿರಲಿಲ್ಲ. ಹಗಲು ರಾಜ್ಯ ಆಳಿದ ಮನುಷ್ಯನಿಗೂ ರಾತ್ರಿ ಯಾರ ಮುಂದೆಯೂ ಹೇಳಲಾಗದ ಆಸೆ, ಆತಂಕಗಳಿದ್ದವು ಎಂದು ಅದರಿಂದ ತಿಳಿಯುತ್ತದೆ. ಒಳ್ಳೆಯ ಖ್ವಾಬ್ ಬಿದ್ದರೆ ಅಲ್ಲಾಹನಿಗೆ ಶುಕ್ರ್ ಹೇಳಿ ಪ್ರೀತಿಪಾತ್ರರಿಗೆ ಮಾತ್ರ ತಿಳಿಸು, ಕೆಟ್ಟದ್ದು ಬಿದ್ದರೆ ಅಲ್ಲಾಹನ ರಕ್ಷಣೆ ಬೇಡಿ ಮಗ್ಗುಲು ಬದಲಿಸು, ಯಾರಿಗೂ ಹೇಳಬೇಡ ಎಂದು ನಮ್ಮ ಮನೆಗಳಲ್ಲಿ ಕಲಿಸುತ್ತಾರೆ. ತಲೆದಿಂಬಿನ ಪಕ್ಕ ಒಂದು ನೋಟ್‌ಬುಕ್, ಪೆನ್ನು ಇಟ್ಟುಕೊಳ್ಳಿ. ಕಂಡದ್ದನ್ನು ಕಂಡ ಹಾಗೆ, ತಾರೀಖು ಹಾಕಿ ಬರೆಯಿರಿ. ಅರ್ಥ ಹೇಳಲು ಆತುರಪಡಬೇಡಿ. ಹಾಲ್ ಟಿಕೆಟ್ ಕಳೆದ ಕನಸು ಬಿದ್ದರೆ ಫಲ ಕೇಳುತ್ತಾ ಕೂರುವುದಕ್ಕಿಂತ, ಎದ್ದು ಹಾಲ್ ಟಿಕೆಟನ್ನು ಬ್ಯಾಗಿನಲ್ಲಿ ಇಟ್ಟರಾಯಿತು.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ