ನೀರಿನ ಬೆಳಕು, ನೆರಳಿನ ಬೀದಿ: ಸರ್ ಮಿರ್ಜಾ ಇಸ್ಮಾಯಿಲ್

ಟ್ರಾಫಿಕ್, ಹೊಗೆ, ಕರೆಂಟ್ ಹೋಗುವುದು: ಈ ಮೂರರ ಬಗ್ಗೆ ನಾವು ದಿನವೂ ಗೊಣಗುತ್ತೇವೆ. ಊರು ಬೆಳೆಯುವ ಮುಂಚೆಯೇ ಯಾರಾದರೂ ಯೋಚಿಸಬೇಕಿತ್ತು ಎನ್ನುತ್ತೇವೆ. ಹಾಗೆ ಯೋಚಿಸಿದವರು ನಮ್ಮಲ್ಲೇ ಇದ್ದರು. ಅವರಲ್ಲಿ ಒಬ್ಬರು ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್.

ಅವರು ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅಜ್ಜ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಬಂದ ಕುದುರೆ ವ್ಯಾಪಾರಿ. ಬೆಂಗಳೂರಿನ ಅಲಿ ಅಸ್ಕರ್ ರಸ್ತೆಗೆ ಅವರದೇ ಹೆಸರು. ಮಿರ್ಜಾ ಅವರು ಬಾಲಕರಾಗಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆ ಓದಿದರು. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಸರ್ಕಾರಿ ಕೆಲಸಕ್ಕೆ ಸೇರಿದರು. ಮುಂದೆ ಮಹಾರಾಜರ ಖಾಸಗಿ ಕಾರ್ಯದರ್ಶಿಯಾದರು. 1926ರಲ್ಲಿ ದಿವಾನರಾಗಿ, 1941ರವರೆಗೆ ಆ ಹುದ್ದೆಯಲ್ಲಿದ್ದರು.

ನಮ್ಮ ಸಂಸ್ಥಾನಕ್ಕೆ ಕಲ್ಲಿದ್ದಲಿನ ಗಣಿ ಇರಲಿಲ್ಲ, ಧುಮುಕುವ ನದಿಗಳಿದ್ದವು. 1902ರಲ್ಲೇ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಊರು, ಕಾರ್ಖಾನೆ ಬೆಳೆದಂತೆ ಅಷ್ಟು ಸಾಲದಾಯಿತು. ಮಿರ್ಜಾ ಅವರ ಕಾಲದಲ್ಲಿ ಶಿಂಷಾ ವಿದ್ಯುದಾಗಾರ ಕಟ್ಟಲಾಯಿತು. 1939ರಲ್ಲಿ ಜೋಗದ ಯೋಜನೆಗೆ ಶಂಕುಸ್ಥಾಪನೆ ಆಯಿತು. ಜೋಗದಿಂದ ವಿದ್ಯುತ್ ಬಂದದ್ದು 1948ರಲ್ಲಿ. ಆ ಹೊತ್ತಿಗೆ ಅವರು ದಿವಾನರಾಗಿರಲಿಲ್ಲ. ದೀಪ ಹಚ್ಚುವ ದಿನ ತಾವು ಅಧಿಕಾರದಲ್ಲಿ ಇರುತ್ತೇವೋ ಇಲ್ಲವೋ ಎಂದು ಲೆಕ್ಕ ಹಾಕಿದ್ದರೆ ಇಂಥ ಕೆಲಸ ಶುರುವಾಗುತ್ತಲೇ ಇರಲಿಲ್ಲ.

ಬೀದಿಯ ವಿಷಯದಲ್ಲೂ ಅವರು ಹಾಗೆಯೇ. ಬೆಳಿಗ್ಗೆ ಎದ್ದು ಊರು ಸುತ್ತಿ, ರಸ್ತೆ, ಚರಂಡಿ, ಮರ ಎಲ್ಲವನ್ನೂ ಸ್ವತಃ ನೋಡುವುದು ಅವರ ಅಭ್ಯಾಸ. ಬೆಂಗಳೂರು, ಮೈಸೂರುಗಳಲ್ಲಿ ಅಗಲವಾದ ರಸ್ತೆ, ವೃತ್ತ, ಉದ್ಯಾನಗಳಿಗೆ ಒತ್ತು ಕೊಟ್ಟರು. ಕನ್ನಂಬಾಡಿಯ ಬೃಂದಾವನವೂ ಅವರ ಆಸಕ್ತಿಯ ಫಲ. ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯ ಬಸ್ಸುಗಳು ಓಡತೊಡಗಿದ 1940ರಲ್ಲಿ ದಿವಾನರು ಅವರೇ. 1942ರಲ್ಲಿ ಜೈಪುರದ ಪ್ರಧಾನಮಂತ್ರಿಯಾಗಿ ಹೋದಾಗಲೂ ಊರನ್ನು ತಿದ್ದುವ ಕೆಲಸ ಬಿಡಲಿಲ್ಲ. ಅಲ್ಲಿನ ಎಂ.ಐ. ರಸ್ತೆ ಎಂದರೆ ಮಿರ್ಜಾ ಇಸ್ಮಾಯಿಲ್ ರಸ್ತೆ. ನಂತರ ಸ್ವಲ್ಪ ಕಾಲ ಹೈದರಾಬಾದ್ ಸಂಸ್ಥಾನದ ಆಡಳಿತ ನಡೆಸಿದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಹೂವಿಗೆ, ದೀಪಕ್ಕೆ ಇಷ್ಟು ಖರ್ಚು ಏಕೆ ಎಂದು ಆಗಲೂ ಕೇಳಿದವರಿದ್ದರು. ನಮ್ಮ ಅಕೌಂಟೆನ್ಸಿ ಪಾಠದಲ್ಲಿ ಇದಕ್ಕೆ ಉತ್ತರ ಇದೆ. ಒಂದೇ ವರ್ಷದಲ್ಲಿ ಮುಗಿದು ಹೋಗುವುದು ಕಂದಾಯ ವೆಚ್ಚ, ಹಲವು ವರ್ಷ ಲಾಭ ಕೊಡುವುದು ಬಂಡವಾಳ ವೆಚ್ಚ. ನೀರಿನಿಂದ ಬಂದ ವಿದ್ಯುತ್ತು, ನೆರಳಿರುವ ರಸ್ತೆ ಎರಡನೆಯ ಸಾಲಿಗೆ ಸೇರುತ್ತವೆ.

ಪರಿಸರ ಸ್ನೇಹಿ ಎಂಬ ಮಾತು ಆಗ ಇರಲಿಲ್ಲ. ಈಗ ಮಾತು ಇದೆ, ಆದರೆ ಫುಟ್‌ಪಾತ್ ಮೇಲೆ ಬೈಕುಗಳು ನಿಂತಿವೆ, ಕಾಲೇಜಿಗೆ ನಡೆದು ಬರುವವರು ರಸ್ತೆಗೆ ಇಳಿಯಬೇಕು. ನಮ್ಮಲ್ಲಿ ಕೆಲವರು ನಾಳೆ ಅಧಿಕಾರಿಗಳಾಗಬಹುದು, ಕಾರ್ಪೊರೇಟರ್ ಆಗಬಹುದು. ಅವತ್ತು ಬೆಳಿಗ್ಗೆ ಒಂದು ಸಲ ಊರು ಸುತ್ತಿ ನೋಡಿದರೆ ಮಿರ್ಜಾ ಸಾಹೇಬರಿಂದ ಕಲಿತಂತೆ.